ನವಜಾತ ಶಿಶುವಿನ ಮೊದಲ 28 ದಿನಗಳು: ಮನೆಯಲ್ಲಿ ಮಾಡಬೇಕಾದ ಆರೈಕೆ

ಮನೆಗೆ ಮಗು ಬರುವುದು ಇಡೀ ಕುಟುಂಬಕ್ಕೆ ಸಂತೋಷದ ವಿಷಯ. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ರಾತ್ರಿಯೇ ಹೊಸ ತಾಯಿ ತಂದೆಯರಿಗೆ ಹಲವಾರು ಪ್ರಶ್ನೆಗಳು ಎದುರಾಗುತ್ತವೆ. ಮಗುವಿಗೆ ಹಾಲು ಸಾಕಾಗುತ್ತಿದೆಯೇ? ಯಾವಾಗ ಮೀಯಿಸಬೇಕು? ಹೊಕ್ಕುಳಿಗೆ ಏನು ಹಚ್ಚಬೇಕು? ಇಷ್ಟೊಂದು ಅಳುವುದೇಕೆ? ಅಜ್ಜಿ ಒಂದು ಹೇಳಿದರೆ ನೆರೆಮನೆಯವರು ಇನ್ನೊಂದು ಹೇಳುತ್ತಾರೆ. ಮೊಬೈಲಿಗೆ ಬಂದ ಸಂದೇಶ ಬೇರೆಯೇ ಹೇಳುತ್ತದೆ.

ಹುಟ್ಟಿದಂದಿನಿಂದ 28 ದಿನಗಳವರೆಗಿನ ಮಗುವನ್ನು ನವಜಾತ ಶಿಶು ಎಂದು ಕರೆಯುತ್ತಾರೆ. ಬಾಲ್ಯದಲ್ಲಿ ಅತ್ಯಂತ ಅಪಾಯದ ಕಾಲ ಇದೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 23 ಲಕ್ಷ ಶಿಶುಗಳು ಮೊದಲ ತಿಂಗಳೊಳಗೆ ತೀರಿಕೊಂಡವು. ಇಂತಹ ಮರಣಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಮೊದಲ ವಾರದಲ್ಲೇ ಸಂಭವಿಸುತ್ತವೆ. ಅವುಗಳಲ್ಲಿ ಬಹಳಷ್ಟನ್ನು ತಡೆಯಲು ಸಾಧ್ಯವಿದೆ ಎಂಬುದೇ ನಾವು ಗಮನಿಸಬೇಕಾದ ಮಾತು.

ನವಜಾತ ಶಿಶುವಿಗೆ ಮನೆಯಲ್ಲಿ ಬೇಕಾಗಿರುವುದು ನಾಲ್ಕೇ ಸಂಗತಿಗಳು: ತಾಯಿಯ ಹಾಲು, ಬೆಚ್ಚಗಿನ ಮೈ, ಶುಚಿತ್ವ ಮತ್ತು ಎಚ್ಚರದ ಕಣ್ಣು. ಯಾರು ಏನೇ ಸಲಹೆ ಕೊಟ್ಟರೂ ಅದರಿಂದ ಈ ನಾಲ್ಕರಲ್ಲಿ ಯಾವುದಕ್ಕಾದರೂ ಭಂಗ ಬರುತ್ತದೆಯೇ ಎಂದು ಕೇಳಿಕೊಳ್ಳಿ. ಬರುವುದಾದರೆ ಆ ಸಲಹೆಯನ್ನು ಬಿಟ್ಟುಬಿಡಿ.

ತಾಯಿಯ ಹಾಲು

ಮಗು ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಯುಣಿಸಲು ಆರಂಭಿಸಬೇಕು. ಸಿಸೇರಿಯನ್ ಆದ ತಾಯಿಯೂ ಎಚ್ಚರವಾಗಿದ್ದರೆ ದಾದಿಯರ ಸಹಾಯದಿಂದ ಬೇಗನೆ ಹಾಲು ಕೊಡಬಹುದು. ಮೊದಲ ಎರಡು ಮೂರು ದಿನಗಳಲ್ಲಿ ಬರುವ ಹಳದಿ ಬಣ್ಣದ ಗಟ್ಟಿ ಹಾಲನ್ನು ಕೆಲವರು 'ಕೆಟ್ಟ ಹಾಲು' ಎಂದು ಹಿಂಡಿ ಚೆಲ್ಲುವುದುಂಟು. ಇದು ದೊಡ್ಡ ತಪ್ಪು. ರೋಗನಿರೋಧಕ ಅಂಶಗಳು ತುಂಬಿರುವ ಈ ಹಾಲು ಮಗುವಿಗೆ ಸಿಗುವ ಮೊದಲ ಲಸಿಕೆಯಿದ್ದಂತೆ. ಅದು ಚಮಚದಷ್ಟೇ ಬಂದರೂ ಚಿಂತಿಸಬೇಕಾಗಿಲ್ಲ. ಆ ದಿನಗಳಲ್ಲಿ ಮಗುವಿನ ಹೊಟ್ಟೆಯೂ ಅಷ್ಟೇ ಚಿಕ್ಕದು.

ದಿನಕ್ಕೆ 8ರಿಂದ 12 ಬಾರಿ, ಹಗಲೂ ರಾತ್ರಿಯೂ ಹಾಲುಣಿಸಬೇಕು. ಗಡಿಯಾರ ನೋಡಿ ಕೊಡುವುದಕ್ಕಿಂತ ಮಗುವಿನ ಸೂಚನೆ ನೋಡಿ ಕೊಡುವುದು ಒಳ್ಳೆಯದು. ಬಾಯಿ ಚಪ್ಪರಿಸುವುದು, ಕೈಯನ್ನು ಬಾಯಿಗೆ ಒಯ್ಯುವುದು, ತಲೆಯನ್ನು ಆಚೀಚೆ ಹೊರಳಿಸಿ ಹುಡುಕುವುದು ಹಸಿವಿನ ಮೊದಲ ಗುರುತುಗಳು. ಅಳು ಬರುವುದು ಕೊನೆಗೆ. ಮೊದಲ ವಾರಗಳಲ್ಲಿ ಮಗು ಮೂರು ಗಂಟೆಗಿಂತ ಹೆಚ್ಚು ಹೊತ್ತು ಮಲಗಿದ್ದರೆ ಎಬ್ಬಿಸಿ ಹಾಲು ಕೊಡಿ.

ಮಗುವಿನ ಬಾಯಿ ಅಗಲವಾಗಿ ತೆರೆದಿರಬೇಕು, ಗಲ್ಲ ತಾಯಿಯ ಎದೆಗೆ ತಾಗಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು. ಮೊಲೆತೊಟ್ಟು ಮಾತ್ರವಲ್ಲ, ಅದರ ಸುತ್ತಲಿನ ಕಪ್ಪು ಭಾಗವೂ ಬಹುಪಾಲು ಮಗುವಿನ ಬಾಯಿಯೊಳಗೆ ಇರಬೇಕು. ಹಾಲುಣಿಸುವಾಗ ಉದ್ದಕ್ಕೂ ನೋವಾಗುತ್ತಿದ್ದರೆ ಮಗು ಸರಿಯಾಗಿ ಹಿಡಿದಿಲ್ಲ ಎಂದು ಅರ್ಥ. ಆಗ ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಗೆ ಮೆಲ್ಲನೆ ತೂರಿಸಿ ಬಿಡಿಸಿ, ಮತ್ತೆ ಹಿಡಿಸಬೇಕು.

ಹಾಲು ಸಾಕಾಗುತ್ತಿದೆಯೇ ಎಂದು ತಿಳಿಯಲು ಸುಲಭದ ಲೆಕ್ಕ ಮೂತ್ರದ್ದು. ಐದನೇ ದಿನದ ನಂತರ ಮಗು 24 ಗಂಟೆಯಲ್ಲಿ ಆರು ಅಥವಾ ಹೆಚ್ಚು ಬಾರಿ ಮೂತ್ರ ಮಾಡುತ್ತಿದ್ದರೆ, ಕುಡಿದ ಮೇಲೆ ಸಮಾಧಾನದಿಂದ ಇದ್ದರೆ ಮತ್ತು ತೂಕ ಏರುತ್ತಿದ್ದರೆ ಹಾಲು ಸಾಕು. ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ಮಗುವಿನ ತೂಕ ಸ್ವಲ್ಪ ಇಳಿಯುವುದು ಸಹಜ. ಸಾಮಾನ್ಯವಾಗಿ 10ರಿಂದ 14 ದಿನಗಳೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳುತ್ತದೆ. ಆನಂತರ ದಿನಕ್ಕೆ 20ರಿಂದ 30 ಗ್ರಾಂನಷ್ಟು ಏರುತ್ತದೆ. ತೂಕ ಮರಳದಿದ್ದರೆ ವೈದ್ಯರಿಗೆ ತೋರಿಸಿ.

ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡ. ನಮ್ಮ ಕರಾವಳಿಯ ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಮಗುವಿಗೆ ಬಾಯಾರಿಕೆಯಾಗುತ್ತದೆ ಎಂದು ನೀರು ಕೊಡುವವರಿದ್ದಾರೆ. ತಾಯಿಯ ಹಾಲಿನಲ್ಲಿ ಸುಮಾರು 87 ಭಾಗ ನೀರೇ ಇದೆ. ಸೆಕೆಯ ದಿನಗಳಲ್ಲಿ ಇನ್ನೆರಡು ಬಾರಿ ಹೆಚ್ಚು ಹಾಲುಣಿಸಿದರೆ ಸಾಕು. ವೈದ್ಯರು ಬರೆದುಕೊಟ್ಟ ಡಿ ವಿಟಮಿನ್ ಹನಿ ಮತ್ತು ಔಷಧಿಗಳಿಗೆ ಮಾತ್ರ ಇದರಲ್ಲಿ ವಿನಾಯಿತಿ. ಹನಿ ಔಷಧಿಯನ್ನು ಅದೇ ಬಾಟಲಿಯ ಜತೆ ಬಂದ ಡ್ರಾಪರಿನಲ್ಲಿಯೇ ಅಳೆಯಬೇಕು. ಒಂದು ಔಷಧಿಯ ಡ್ರಾಪರನ್ನು ಇನ್ನೊಂದಕ್ಕೆ ಬಳಸಿದರೆ ಪ್ರಮಾಣ ತಪ್ಪುತ್ತದೆ.

ತಾಯಿ ಕೆಲಸಕ್ಕೆ ಹೋಗಬೇಕಾದಾಗ ಅಥವಾ ಮಗುವಿಗೆ ಚೀಪಲು ಶಕ್ತಿ ಇಲ್ಲದಾಗ ಹಾಲನ್ನು ಕೈಯಿಂದ ಹಿಂಡಿ ತೆಗೆದು ಒಳಲೆ ಅಥವಾ ಸಣ್ಣ ಲೋಟದಿಂದ ಕುಡಿಸಬಹುದು. ಪಾತ್ರೆಯನ್ನು ಪ್ರತಿ ಸಲವೂ ಸಾಬೂನಿನಿಂದ ತೊಳೆದು ನೀರಿನಲ್ಲಿ ಕುದಿಸಬೇಕು. ಹಿಂಡಿದ ಹಾಲನ್ನು ಸೆಕೆಯ ದಿನಗಳಲ್ಲಿ 4 ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಹಾಲಿನ ಬಾಟಲಿಯ ಮೂಲೆಗಳನ್ನು ಪೂರ್ತಿ ಶುಚಿಗೊಳಿಸುವುದು ಕಷ್ಟ, ಆದ್ದರಿಂದ ಅದನ್ನು ದೂರವಿಡುವುದೇ ಲೇಸು. ಹಾಲಿನ ಪುಡಿ ಮತ್ತು ಬಾಟಲಿಗಳ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾಯಿದೆಯೇ ನಿಷೇಧಿಸಿದೆ. ನಿಜವಾಗಿಯೂ ಹಾಲು ಬಾರದ ಅಥವಾ ಹಾಲು ಕೊಡಬಾರದ ಸಂದರ್ಭ ಇದ್ದರೆ ಅದನ್ನು ವೈದ್ಯರು ನಿರ್ಧರಿಸಬೇಕು. ಅಂತಹ ತಾಯಿಯನ್ನು ಯಾರೂ ಹೀಯಾಳಿಸಬಾರದು.

ಬೆಚ್ಚಗಿನ ಮೈ

ನವಜಾತ ಶಿಶು ತನ್ನ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳಲಾರದು. ನಮಗೆ ಹಿತವೆನಿಸುವ ಗಾಳಿ ಒದ್ದೆ ಮೈಯ ಮಗುವಿಗೆ ಚಳಿಯಾಗಬಹುದು. ಮಗುವಿನ ಹೊಟ್ಟೆ ಮತ್ತು ಪಾದ ಎರಡನ್ನೂ ಕೈಯಿಂದ ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಮಗುವಿಗೆ ಚಳಿಯಾಗುತ್ತಿದೆ. ಎರಡೂ ತಣ್ಣಗಿದ್ದರೆ ಅದು ಅಪಾಯದ ಸೂಚನೆ. ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಕಂಕುಳಲ್ಲಿ ಇಟ್ಟು ನೋಡಿದಾಗ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್, ಅಂದರೆ 97.7ರಿಂದ 99.5 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು.

ದೊಡ್ಡವರು ಎಷ್ಟು ಬಟ್ಟೆ ಹಾಕಿದ್ದಾರೋ ಅದಕ್ಕಿಂತ ಒಂದು ಪದರ ಹೆಚ್ಚು ಮಗುವಿಗೆ ಸಾಕು. ಮಳೆಗಾಲದ ರಾತ್ರಿ ಟೊಪ್ಪಿ, ಕಾಲುಚೀಲ ಬೇಕಾಗಬಹುದು. ಆದರೆ ಮೇ ತಿಂಗಳ ಮಧ್ಯಾಹ್ನ ಉಣ್ಣೆಯ ಟೊಪ್ಪಿ ತೊಡಿಸಿ, ಕಂಬಳಿ ಸುತ್ತಿ ಇಟ್ಟರೆ ಮಗುವಿನ ಮೈ ಬಿಸಿಯೇರಿ ಬೆವರುಸಾಲೆ ಏಳುತ್ತದೆ. ಫ್ಯಾನ್ ಹಾಕಬಹುದು, ಆದರೆ ಗಾಳಿ ನೇರವಾಗಿ ಮಗುವಿನ ಮೇಲೆ ಬೀಸಬಾರದು. ಬಟ್ಟೆ ಸುತ್ತುವಾಗ ಕಾಲುಗಳನ್ನು ನೇರ ಎಳೆದು ಬಿಗಿಯಾಗಿ ಕಟ್ಟಬೇಡಿ. ಮಂಡಿ ಮಡಚಿ ಕಾಲಾಡಿಸಲು ಜಾಗವಿರಬೇಕು. ಇಲ್ಲವಾದರೆ ಸೊಂಟದ ಕೀಲಿಗೆ ತೊಂದರೆಯಾಗಬಹುದು.

ಅವಧಿಗೆ ಮುಂಚೆ ಹುಟ್ಟಿದ ಅಥವಾ 2.5 ಕಿಲೊಗಿಂತ ಕಡಿಮೆ ತೂಕದ ಮಗುವಿಗೆ 'ಕಾಂಗರೂ ಆರೈಕೆ' ಬಹಳ ಪರಿಣಾಮಕಾರಿ. ಟೊಪ್ಪಿ ಮತ್ತು ಲಂಗೋಟಿ ಮಾತ್ರ ತೊಡಿಸಿದ ಮಗುವನ್ನು ತಾಯಿಯ ಬರಿ ಎದೆಗೆ ನೇರವಾಗಿ ಒರಗಿಸಿ ಮೇಲಿನಿಂದ ಬಟ್ಟೆ ಸುತ್ತುವುದೇ ಈ ವಿಧಾನ. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ಡಾ. ಎಡ್ಗರ್ ರೇ ಸನಾಬ್ರಿಯಾ ಇದನ್ನು ಆರಂಭಿಸಿದರು. ಅಲ್ಲಿ ಇನ್‌ಕ್ಯುಬೇಟರ್‌ಗಳ ಕೊರತೆಯಿತ್ತು. ಇಂದು ಎಲ್ಲ ಸೌಲಭ್ಯ ಇರುವ ಆಸ್ಪತ್ರೆಗಳೂ ಇದನ್ನು ಅನುಸರಿಸುತ್ತವೆ. ಇಂತಹ ಮಕ್ಕಳಿಗೆ ಹುಟ್ಟಿದ ಕೂಡಲೇ ಇದನ್ನು ಆರಂಭಿಸಿ ದಿನಕ್ಕೆ 8ರಿಂದ 24 ಗಂಟೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿದೆ. ತಾಯಿಗೆ ದಣಿವಾದಾಗ ತಂದೆಯೂ ಅಜ್ಜಿಯೂ ಮಗುವನ್ನು ಹೀಗೆಯೇ ಎದೆಗವಚಿಕೊಳ್ಳಬಹುದು.

ಮೀಯಿಸುವುದು ಮತ್ತು ಎಣ್ಣೆ ಹಚ್ಚುವುದು

ಹುಟ್ಟಿದ ಮಗುವನ್ನು ಕನಿಷ್ಠ 24 ಗಂಟೆಯವರೆಗೆ ಮೀಯಿಸಬಾರದು. ಮೈಮೇಲಿನ ಬಿಳಿ ಲೇಪವನ್ನು ಉಜ್ಜಿ ತೆಗೆಯುವುದೂ ಬೇಡ. ಅದು ಚರ್ಮವನ್ನು ರಕ್ಷಿಸುತ್ತದೆ. ತೂಕ ಕಡಿಮೆ ಇರುವ ಮಗುವನ್ನು ವೈದ್ಯರು ಹೇಳುವವರೆಗೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು.

ಮೀಯಿಸುವ ಮುನ್ನ ಬಟ್ಟೆ, ಟವೆಲ್ ಎಲ್ಲವನ್ನೂ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಕಿಟಕಿ ಬಾಗಿಲು ಹಾಕಿ. ಮೊದಲು ತಣ್ಣೀರು ಸುರಿದು ಆಮೇಲೆ ಹಂಡೆಯ ಬಿಸಿನೀರು ಬೆರೆಸಿ, ನಿಮ್ಮ ಮೊಣಕೈ ಅದ್ದಿ ನೋಡಿ. ಮೊಣಕೈಗೆ ಹಿತವಾಗಿರಬೇಕು. ದೊಡ್ಡವರ ಅಂಗೈ ಬಿಸಿಗೆ ಒಗ್ಗಿರುವುದರಿಂದ ಅದನ್ನು ನಂಬುವಂತಿಲ್ಲ. ಐದು ನಿಮಿಷದೊಳಗೆ ಮುಗಿಸಿ ತಲೆ, ಕುತ್ತಿಗೆಯ ಮಡಿಕೆ, ಕಂಕುಳು, ತೊಡೆಸಂದುಗಳನ್ನು ಒತ್ತಿ ಒರೆಸಿ. ಕಡಲೆಹಿಟ್ಟು ಬೇಡ, ಮೆದುವಾದ ಸಾಬೂನನ್ನು ಸ್ವಲ್ಪ ಬಳಸಬಹುದು. ದಿನವೂ ಮೀಯಿಸಲೇಬೇಕೆಂದಿಲ್ಲ. ಮಳೆ ಚಳಿಯ ದಿನ ಒರೆಸಿದರೂ ನಡೆಯುತ್ತದೆ.

ನಮ್ಮಲ್ಲಿ ಮಗುವನ್ನು ಮೀಯಿಸಲು ಅನುಭವಿ ಹೆಂಗಸರನ್ನು ಕರೆಯುವ ರೂಢಿ ಇದೆ. ಅವರ ನೆರವು ತಾಯಿಗೆ ದೊಡ್ಡ ಆಸರೆ. ತೆಂಗಿನೆಣ್ಣೆಯನ್ನು ಉಗುರು ಬೆಚ್ಚಗೆ ಮಾಡಿ ಹಗುರವಾಗಿ ಸವರಲು ಅಡ್ಡಿಯಿಲ್ಲ. ಮಗುವಿಗೆ ಅದು ಹಿತ. ಆದರೆ ಕೆಲವು ಮಾತುಗಳನ್ನು ಅವರಿಗೆ ಮೊದಲೇ ವಿನಯದಿಂದ ತಿಳಿಸಬೇಕು. ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯಬೇಕು, ಬಳೆ ಉಂಗುರ ತೆಗೆದಿಡಬೇಕು. ತಲೆ ದುಂಡಗಾಗಲು ಒತ್ತುವುದು, ಮೂಗು ಎಳೆಯುವುದು, ಕಾಲು ಹಿಡಿದು ತಲೆಕೆಳಗೆ ಮಾಡುವುದು ಬೇಡ. ಮೂಗು, ಕಿವಿ, ಬಾಯಿಗೆ ಎಣ್ಣೆ ಬಿಡಬಾರದು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ.

ಹೊಕ್ಕುಳ ಆರೈಕೆ

ಹೊಕ್ಕುಳ ಬಳ್ಳಿ ಸಾಮಾನ್ಯವಾಗಿ 5ರಿಂದ 15 ದಿನಗಳಲ್ಲಿ ಒಣಗಿ ತಾನಾಗಿ ಬೀಳುತ್ತದೆ. ಅದಕ್ಕೆ ಅರಸಿನ, ಬೂದಿ, ಎಣ್ಣೆ, ಪೌಡರ್ ಯಾವುದನ್ನೂ ಹಾಕಬಾರದು. ಲಂಗೋಟಿ ಅಥವಾ ಡಯಾಪರನ್ನು ಹೊಕ್ಕುಳಿನ ಕೆಳಗೆ ಮಡಚಿ ಕಟ್ಟಿ. ಗಾಳಿಗೆ ಒಣಗುವುದೇ ಅದಕ್ಕೆ ಮದ್ದು. ಎಳೆದು ಕೀಳಬಾರದು. ಬೀಳುವಾಗ ಒಂದೆರಡು ಹನಿ ರಕ್ತ ಕಾಣಿಸುವುದು ಸಹಜ.

ಮಳೆಗಾಲ ಮತ್ತು ಮಗುವಿನ ಬಟ್ಟೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಮಗುವಿನ ಬಟ್ಟೆ ಒಣಗಿಸುವುದೇ ದೊಡ್ಡ ಕೆಲಸ. ಅರೆ ಒದ್ದೆ ಬಟ್ಟೆಯಿಂದ ತೊಡೆಸಂದಿಯಲ್ಲಿ ಬೂಷ್ಟು ಬೆಳೆದು ಚರ್ಮ ಕೆಂಪಾಗುತ್ತದೆ. ಹೊಸ ಬಟ್ಟೆಯನ್ನೂ ಒಮ್ಮೆ ಒಗೆದು ಬಳಸಿ. ಸಾಬೂನು ಪೂರ್ತಿ ಹೋಗುವಂತೆ ಜಾಲಿಸಿ, ಫ್ಯಾನಿನ ಕೆಳಗೆ ಒಣಹಾಕಿ, ಕೊನೆಗೆ ಎರಡೂ ಬದಿಗೆ ಇಸ್ತ್ರಿ ಮಾಡಿ. ಒಲೆಯ ಮೇಲೆ ಕಟ್ಟಿ ಒಣಗಿಸಿದ ಬಟ್ಟೆಯಲ್ಲಿ ಹೊಗೆ ಸೇರಿರುತ್ತದೆ. ಹಳೆಯ ಹತ್ತಿ ಸೀರೆ, ಪಂಚೆಗಳಿಂದ ಮಾಡಿದ ಲಂಗೋಟಿ ಮೃದುವಾಗಿರುವುದರಿಂದ ಒಳ್ಳೆಯದೇ. ಡಯಾಪರ್ ಹಾಕುವುದಾದರೆ ಮೂರು ನಾಲ್ಕು ಗಂಟೆಗೊಮ್ಮೆ ಬದಲಿಸಿ. ಮಲ ಮಾಡಿದರೆ ತಕ್ಷಣ ತೆಗೆದು ನೀರಿನಿಂದ ತೊಳೆದು ಒಣಗಿಸಿ. ಹೆಣ್ಣು ಮಗುವನ್ನು ಮುಂದಿನಿಂದ ಹಿಂದಕ್ಕೆ ಒರೆಸಬೇಕು.

ಮಲೇರಿಯಾ, ಡೆಂಗ್ಯೂ ಇರುವ ಊರುಗಳಲ್ಲಿ ಮಗುವಿಗೆ ಹಗಲೂ ಸೊಳ್ಳೆಪರದೆ ಬೇಕು. ಡೆಂಗ್ಯೂ ಹರಡುವ ಸೊಳ್ಳೆ ಕಚ್ಚುವುದು ಹಗಲಿನಲ್ಲಿಯೇ. ಸೊಳ್ಳೆಬತ್ತಿಯ ಹೊಗೆಯಾಗಲಿ ಸೊಳ್ಳೆ ಮುಲಾಮಾಗಲಿ ನವಜಾತ ಶಿಶುವಿಗೆ ಸಲ್ಲದು.

ಮಲಗಿಸುವುದು

ಮಗುವನ್ನು ಯಾವಾಗಲೂ ಬೆನ್ನ ಮೇಲೆ ಮಲಗಿಸಿ. ಬೋರಲು ಮಲಗಿದ ಶಿಶು ನಿದ್ದೆಯಲ್ಲಿ ಉಸಿರು ಕಟ್ಟಿ ಸಾಯುವ ಅಪಾಯವಿದೆ. ಅಮೆರಿಕದಲ್ಲಿ 1994ರಿಂದ ಬೆನ್ನ ಮೇಲೆ ಮಲಗಿಸುವಂತೆ ಪ್ರಚಾರ ನಡೆಸಿದ ನಂತರ ಕಾರಣ ತಿಳಿಯದ ಇಂತಹ ಶಿಶು ಮರಣಗಳು ಅರ್ಧಕ್ಕಿಂತ ಹೆಚ್ಚು ಇಳಿದವು. ಹಾಸಿಗೆ ಗಟ್ಟಿಯಾಗಿರಲಿ. ಮಗುವಿನ ಮುಖದ ಬಳಿ ದಿಂಬು, ಗೊಂಬೆ, ಸಡಿಲ ಹೊದಿಕೆ ಇರಬಾರದು. ಕುತ್ತಿಗೆಯಲ್ಲಿ ದಾರ, ಸರ ಇದ್ದರೆ ಮಲಗಿಸುವ ಮುನ್ನ ತೆಗೆಯಿರಿ. ಮಗು ತಾಯಿಯ ಕೋಣೆಯಲ್ಲೇ ಇರಲಿ. ಮದ್ಯ ಸೇವಿಸಿದವರು, ಧೂಮಪಾನ ಮಾಡುವವರು, ನಿದ್ದೆ ಬರಿಸುವ ಔಷಧಿ ತೆಗೆದುಕೊಂಡವರು ಮಗುವಿನ ಹಾಸಿಗೆಯಲ್ಲಿ ಮಲಗಬಾರದು.

ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು

ನಮ್ಮ ಹಿರಿಯರ ಬಾಣಂತನದ ಪದ್ಧತಿಯಲ್ಲಿ ಒಳ್ಳೆಯ ಅಂಶಗಳು ಹಲವಿವೆ. ತಾಯಿಗೆ ನಲವತ್ತು ದಿನ ಮನೆಗೆಲಸದಿಂದ ಬಿಡುವು, ಬಿಸಿ ಊಟ, ಮಗುವಿನ ಬಳಿ ಹೆಚ್ಚು ಜನ ಸೇರದಂತೆ ನೋಡಿಕೊಳ್ಳುವುದು, ಮನೆಯಲ್ಲೊಬ್ಬ ಅನುಭವಿ ಹೆಂಗಸು ಜತೆಗಿರುವುದು ಇಂದಿಗೂ ಬೇಕು. ಆದರೆ ಈ ಕೆಳಗಿನವುಗಳನ್ನು ಬಿಡಬೇಕು.

1. ಜೇನು ನೆಕ್ಕಿಸುವುದು: ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಶಿಶುವಿನ ಕರುಳಿನಲ್ಲಿ ವಿಷ ಉತ್ಪಾದಿಸಿ ಮಾಂಸಖಂಡಗಳನ್ನು ಸೋಲಿಸುತ್ತದೆ. ಒಂದು ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ.
2. ಬಜೆ ತೇಯ್ದು ಕೊಡುವುದು, ಗ್ರೈಪ್ ವಾಟರ್, ಸಕ್ಕರೆ ನೀರು: ಇವುಗಳಿಂದ ಹೊಟ್ಟೆಗೆ ಸೋಂಕು ತಗಲಬಹುದು, ಹಾಲು ಕುಡಿಯುವುದೂ ಕಡಿಮೆಯಾಗುತ್ತದೆ.
3. ಕಣ್ಣಿಗೆ ಕಾಡಿಗೆ: ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ. ಬೆರಳಿನಿಂದ ಸೋಂಕೂ ತಗಲುತ್ತದೆ. ಬೊಟ್ಟು ಇಡಲೇಬೇಕೆನಿಸಿದರೆ ಕಣ್ಣಿನಿಂದ ದೂರ, ಪಾದದ ಅಡಿಯಲ್ಲಿ ಇಡಿ.
4. ಮಿಂದ ಮೇಲೆ ಸಾಂಬ್ರಾಣಿ ಹೊಗೆ: ಎಳೆಯ ಶ್ವಾಸಕೋಶಕ್ಕೆ ಯಾವ ಹೊಗೆಯೂ ಒಳ್ಳೆಯದಲ್ಲ. ತಲೆಯನ್ನು ಟವೆಲಿನಿಂದ ಒಣಗಿಸಿದರೆ ಸಾಕು.
5. ಪೌಡರ್: ಅದರ ಹುಡಿ ಉಸಿರಿನೊಂದಿಗೆ ಒಳಗೆ ಹೋಗುತ್ತದೆ.
6. ಮಗುವಿನ ಎದೆ ಹಿಂಡುವುದು: ತಾಯಿಯ ಹಾರ್ಮೋನಿನ ಪ್ರಭಾವದಿಂದ ಗಂಡು ಹೆಣ್ಣೆನ್ನದೆ ಶಿಶುಗಳ ಎದೆ ಊದಿಕೊಳ್ಳಬಹುದು. ಹಿಂಡಿದರೆ ಕೀವಾಗುತ್ತದೆ. ಬಿಟ್ಟರೆ ತಾನಾಗಿ ಇಳಿಯುತ್ತದೆ.

ಹಿರಿಯರಿಗೆ ಈ ಮಾತು ಹೇಳುವಾಗ ಸೊಸೆಯೊಬ್ಬಳೇ ವಾದಿಸುವಂತೆ ಆಗಬಾರದು. ಮಗ ಹೇಳಬೇಕು. ಸಾಧ್ಯವಾದರೆ ಅಜ್ಜಿಯನ್ನೇ ಒಮ್ಮೆ ವೈದ್ಯರ ಬಳಿಗೆ ಕರೆದುಕೊಂಡು ಹೋಗುವುದು ಇನ್ನೂ ಉತ್ತಮ.

ಗಾಬರಿಪಡಬೇಕಾಗಿಲ್ಲದ ಸಂಗತಿಗಳು

ಮೊದಲ ಎರಡು ಮೂರು ದಿನ ಮಲ ಕಪ್ಪು ಹಸಿರು ಬಣ್ಣದಲ್ಲಿ ಅಂಟಂಟಾಗಿರುತ್ತದೆ. ಆಮೇಲೆ ಸಾಸಿವೆಯ ಹಳದಿಗೆ ತಿರುಗುತ್ತದೆ. ತಾಯಿಯ ಹಾಲು ಕುಡಿಯುವ ಮಗು ಪ್ರತಿ ಸಲ ಕುಡಿದಾಗಲೂ ಮಲ ಮಾಡಬಹುದು. ಅದು ಭೇದಿಯಲ್ಲ. ಬಿಕ್ಕಳಿಕೆ, ಸೀನು, ಕುಡಿದ ಮೇಲೆ ಸ್ವಲ್ಪ ಹಾಲು ಕಕ್ಕುವುದು, ನಿದ್ದೆಯಲ್ಲಿ ಬೆಚ್ಚಿಬೀಳುವುದು ಸಹಜ. ಕುಡಿದಾದ ಮೇಲೆ ಮಗುವನ್ನು ಹೆಗಲಿಗೆ ಒರಗಿಸಿ ಬೆನ್ನು ಸವರಿದರೆ ತೇಗು ಬರುತ್ತದೆ. ಹೆಣ್ಣು ಶಿಶುವಿಗೆ ಮೊದಲ ವಾರದಲ್ಲಿ ಸ್ವಲ್ಪ ಬಿಳಿ ಸ್ರಾವ ಅಥವಾ ಒಂದೆರಡು ಹನಿ ರಕ್ತ ಕಾಣಿಸಬಹುದು. ಬೆನ್ನಿನ ಕೆಳಭಾಗದ ನೀಲಿ ಮಚ್ಚೆಗಳು ವರ್ಷಗಳಲ್ಲಿ ಮಾಸುತ್ತವೆ.

ಅಳು ಸಾಮಾನ್ಯವಾಗಿ ಆರನೇ ವಾರದ ಹೊತ್ತಿಗೆ ಅತಿ ಹೆಚ್ಚು, ಅಲ್ಲಿಂದ ಮುಂದೆ ಕಡಿಮೆಯಾಗುತ್ತದೆ. ಹಸಿವು, ಒದ್ದೆ ಬಟ್ಟೆ, ಸೆಕೆ, ಚಳಿ ಯಾವುದೂ ಅಲ್ಲವಾದರೆ ಎದೆಗವಚಿಕೊಂಡು ನಡೆದಾಡಿ. ಎಷ್ಟೇ ಸಿಟ್ಟು ಬಂದರೂ ಮಗುವನ್ನು ಕುಲುಕಬಾರದು. ಕುಲುಕಿದರೆ ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು. ತಾಳ್ಮೆ ಮೀರಿದಾಗ ಮಗುವನ್ನು ಸುರಕ್ಷಿತವಾಗಿ ಮಲಗಿಸಿ, ಬೇರೆಯವರನ್ನು ಕರೆದು ಐದು ನಿಮಿಷ ಹೊರಗೆ ಹೋಗಿ ಬನ್ನಿ.

ಕಾಮಾಲೆ

ತಿಂಗಳು ತುಂಬಿ ಹುಟ್ಟಿದ ನೂರು ಮಕ್ಕಳಲ್ಲಿ ಸುಮಾರು 60 ಮಕ್ಕಳಿಗೆ ಮೊದಲ ವಾರದಲ್ಲಿ ಕಾಮಾಲೆ ಕಾಣಿಸುತ್ತದೆ. ಅವಧಿಗೆ ಮುಂಚೆ ಹುಟ್ಟಿದವರಲ್ಲಿ ಇದು ಸುಮಾರು 80. ಹೆಚ್ಚಿನ ಮಕ್ಕಳಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಮಿತಿಮೀರಿದರೆ ಮೆದುಳಿಗೆ ಶಾಶ್ವತ ಹಾನಿಯಾಗುತ್ತದೆ. ಹಗಲು ಬೆಳಕಿನಲ್ಲಿ ಮಗುವಿನ ಚರ್ಮವನ್ನು ಬೆರಳಿನಿಂದ ಒತ್ತಿ ಬಿಟ್ಟು ಬಣ್ಣ ನೋಡಿ. ಮುಖದಿಂದ ಆರಂಭವಾಗುವ ಹಳದಿ ಹೊಟ್ಟೆ, ಕಾಲುಗಳತ್ತ ಇಳಿದಂತೆ ಹೆಚ್ಚುತ್ತಿದೆ ಎಂದು ತಿಳಿಯಬೇಕು. ಹುಟ್ಟಿದ 24 ಗಂಟೆಯೊಳಗೆ ಕಾಣಿಸಿದರೆ ಅಥವಾ ಅಂಗೈ ಅಂಗಾಲು ಹಳದಿಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಎಳೆಬಿಸಿಲು ಕಾಯಿಸುವುದು, ಹಳ್ಳಿಮದ್ದು ಕೊಡುವುದು ಇದಕ್ಕೆ ಚಿಕಿತ್ಸೆಯಲ್ಲ. ಆಸ್ಪತ್ರೆಯ ನೀಲಿ ಬೆಳಕಿನ ಚಿಕಿತ್ಸೆಯಿಂದ ಬೇಗ ಗುಣವಾಗುತ್ತದೆ.

ಎರಡು ವಾರ ಕಳೆದರೂ ಹಳದಿ ಉಳಿದಿದ್ದು, ಮಲ ಸುಣ್ಣದಂತೆ ಬಿಳಿಚಿಕೊಂಡಿದ್ದರೆ ಪಿತ್ತನಾಳದ ತೊಂದರೆ ಇರಬಹುದು. ಅದಕ್ಕೆ ಶಸ್ತ್ರಚಿಕಿತ್ಸೆ 60 ದಿನಗಳೊಳಗೆ ನಡೆದರೆ ಫಲ ಹೆಚ್ಚು. ಆದ್ದರಿಂದ ಕಾಯಬಾರದು.

ಅಪಾಯದ ಲಕ್ಷಣಗಳು

ಕಾಯಿಲೆ ಬಿದ್ದ ನವಜಾತ ಶಿಶು ಜೋರಾಗಿ ಅಳುವುದಿಲ್ಲ. ಅದು ಸುಮ್ಮನಾಗುತ್ತದೆ. 'ಮಗು ಇಂದು ತುಂಬ ಪಾಪ, ಮಲಗಿಯೇ ಇದೆ' ಎಂಬ ಮಾತು ಕೆಲವೊಮ್ಮೆ ರೋಗದ ಮೊದಲ ಸುದ್ದಿಯಾಗಿರುತ್ತದೆ. ಕೆಳಗಿನವುಗಳಲ್ಲಿ ಒಂದೇ ಒಂದು ಕಾಣಿಸಿದರೂ ತಡಮಾಡದೆ ಆಸ್ಪತ್ರೆಗೆ ಹೋಗಿ.

1. ಚೆನ್ನಾಗಿ ಕುಡಿಯುತ್ತಿದ್ದ ಮಗು ಹಾಲು ಬಿಟ್ಟಿದೆ ಅಥವಾ ಚೀಪಲು ಶಕ್ತಿಯಿಲ್ಲ.
2. ಎಬ್ಬಿಸಿದರೂ ಸರಿಯಾಗಿ ಏಳುವುದಿಲ್ಲ, ಕೈಕಾಲು ಸಡಿಲವಾಗಿವೆ.
3. ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಎಣಿಸಿದರೆ ಉಸಿರು 60 ಅಥವಾ ಹೆಚ್ಚು, ಪಕ್ಕೆಲುಬಿನ ಕೆಳಗೆ ಎದೆ ಒಳಸೆಳೆಯುತ್ತದೆ, ನರಳುವ ಶಬ್ದ ಬರುತ್ತದೆ.
4. ಕಂಕುಳ ಉಷ್ಣತೆ 37.5 ಡಿಗ್ರಿ ದಾಟಿದೆ ಅಥವಾ ಎದೆಗವಚಿ ಬೆಚ್ಚಗಿಟ್ಟರೂ ಮೈ ತಣ್ಣಗೇ ಇದೆ.
5. ಫಿಟ್ಸ್, ಕೈಕಾಲು ಒಂದೇ ಸಮನೆ ಅದುರುವುದು.
6. ತುಟಿ, ನಾಲಿಗೆ ನೀಲಿಯಾಗಿದೆ.
7. ಹೊಕ್ಕುಳ ಸುತ್ತ ಕೆಂಪು, ಕೀವು, ದುರ್ವಾಸನೆ. ಮೈಮೇಲೆ ಕೀವು ತುಂಬಿದ ಗುಳ್ಳೆಗಳು. ಕಣ್ಣಿನಲ್ಲಿ ಕೀವು.
8. ಹಸಿರು ಬಣ್ಣದ ಅಥವಾ ರಕ್ತದ ವಾಂತಿ, ಹೊಟ್ಟೆ ಉಬ್ಬರ, ಮಲದಲ್ಲಿ ರಕ್ತ.
9. ಹುಟ್ಟಿ 24 ಗಂಟೆಯಾದರೂ ಮಲ ಇಲ್ಲ, 48 ಗಂಟೆಯಾದರೂ ಮೂತ್ರ ಇಲ್ಲ.

ಈ ಲಕ್ಷಣಗಳಿದ್ದಾಗ ಮನೆಯಲ್ಲಿದ್ದ ಜ್ವರದ ಔಷಧಿ ಹಾಕಿ ನೋಡುವುದು ಬೇಡ. ಈ ವಯಸ್ಸಿನಲ್ಲಿ ಸೋಂಕು ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಹರಡಬಲ್ಲದು.

ತಡಮಾಡದಿರಲು ಮೊದಲೇ ನಿರ್ಧರಿಸಿ

ಬಾಣಂತಿಯರ ಸಾವಿನ ಕುರಿತು ಸೆರೀನ್ ಥಡ್ಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಸಂಶೋಧಕರು 1994ರಲ್ಲಿ ಬರೆದ ಪ್ರಬಂಧದಲ್ಲಿ ಮೂರು ವಿಳಂಬಗಳನ್ನು ಗುರುತಿಸಿದರು: ಆಸ್ಪತ್ರೆಗೆ ಹೋಗಲು ನಿರ್ಧರಿಸುವಲ್ಲಿ, ಅಲ್ಲಿಗೆ ತಲುಪುವಲ್ಲಿ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿ. ಶಿಶುವಿನ ವಿಷಯಕ್ಕೂ ಇದು ಅನ್ವಯಿಸುತ್ತದೆ. ಮೊದಲನೆಯ ವಿಳಂಬ ನಮ್ಮ ಮನೆಯೊಳಗಿನದು, ಅದನ್ನು ನೀಗುವುದು ನಮ್ಮ ಕೈಯಲ್ಲಿದೆ.

ಕರಾವಳಿಯ ಹಲವು ಮನೆಗಳಲ್ಲಿ ತಂದೆ ಗಲ್ಫಿನಲ್ಲಿ ಅಥವಾ ಮುಂಬಯಿಯಲ್ಲಿ ಇರುತ್ತಾರೆ. ಮಗುವಿಗೆ ಹುಷಾರಿಲ್ಲದಾಗ 'ಅವರು ಫೋನ್ ಮಾಡಲಿ', 'ಬೆಳಗಾಗಲಿ', 'ಮಾವ ಬರಲಿ' ಎಂದು ಕಾಯುತ್ತಾರೆ. ಆದ್ದರಿಂದ ತಂದೆಯಾದವರು ರಜೆ ಮುಗಿಸಿ ಹೊರಡುವ ಮೊದಲೇ 'ಅಪಾಯದ ಲಕ್ಷಣ ಕಂಡರೆ ನನ್ನನ್ನು ಕೇಳಬೇಕಾಗಿಲ್ಲ, ಕೂಡಲೇ ಹೊರಡಿ' ಎಂದು ಮನೆಯವರೆಲ್ಲರ ಎದುರು ಹೇಳಬೇಕು. ಯಾವ ಆಸ್ಪತ್ರೆಗೆ ಹೋಗುವುದು, ರಾತ್ರಿ ಯಾರ ವಾಹನ, ಯಾರು ಜತೆಗೆ ಬರುತ್ತಾರೆ, ಕೈಖರ್ಚಿನ ಹಣ ಎಲ್ಲಿದೆ ಎಂಬುದನ್ನು ಬರೆದು ಗೋಡೆಗೆ ಅಂಟಿಸಿ. ಅಲ್ಲಿಯೇ ಆಂಬುಲೆನ್ಸಿನ 108 ಸಂಖ್ಯೆಯೂ ಇರಲಿ.

ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಯಿಲೆಯ ಶಿಶುಗಳಿಗೆ ಚಿಕಿತ್ಸೆ, ಔಷಧಿ, ಪರೀಕ್ಷೆ ಮತ್ತು ವಾಹನ ಉಚಿತ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಮೊದಲು 30 ದಿನಗಳವರೆಗೆ ಇದ್ದ ಈ ಸೌಲಭ್ಯವನ್ನು ಬಳಿಕ ಒಂದು ವರ್ಷದವರೆಗೆ ವಿಸ್ತರಿಸಲಾಗಿದೆ. ಹಣವಿಲ್ಲವೆಂದು ಯಾರೂ ಮನೆಯಲ್ಲಿ ಕುಳಿತುಕೊಳ್ಳಬಾರದು. ಹೋಗುವಾಗ ದಾರಿಯುದ್ದಕ್ಕೂ ಮಗುವನ್ನು ಎದೆಗವಚಿ ಬೆಚ್ಚಗಿಡಿ. ಎಚ್ಚರವಿದ್ದು ಚೀಪುವುದಾದರೆ ಹಾಲು ಕೊಡಿ. ತಾಯಿ ಕಾರ್ಡ್ ಮತ್ತು ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯನ್ನು ಮರೆಯದಿರಿ.

ಲಸಿಕೆ ಮತ್ತು ಆಶಾ ಕಾರ್ಯಕರ್ತೆಯ ಭೇಟಿ

ಹುಟ್ಟಿದ ಕೂಡಲೇ ಬಿಸಿಜಿ, ಪೋಲಿಯೊ ಹನಿ ಮತ್ತು ಹೆಪಟೈಟಿಸ್ ಬಿ ಲಸಿಕೆ ಸಿಗಬೇಕು. ಹೆಪಟೈಟಿಸ್ ಬಿ ಲಸಿಕೆಯನ್ನು 24 ಗಂಟೆಯೊಳಗೆ ಕೊಡಬೇಕು. ರಕ್ತಸ್ರಾವ ತಡೆಯುವ ಕೆ ವಿಟಮಿನ್ ಚುಚ್ಚುಮದ್ದೂ ಆಗಿದೆಯೇ ಎಂದು ಕೇಳಿ ತಿಳಿಯಿರಿ. ಮುಂದಿನ ಲಸಿಕೆಗಳು 6, 10 ಮತ್ತು 14ನೇ ವಾರ. ಬಿಸಿಜಿ ಹಾಕಿದಲ್ಲಿ ಕೆಲವು ವಾರಗಳ ನಂತರ ಸಣ್ಣ ಗುಳ್ಳೆ ಎದ್ದು ಒಡೆದು ಕಲೆ ಉಳಿಯುತ್ತದೆ. ಅದಕ್ಕೆ ಏನನ್ನೂ ಹಚ್ಚಬೇಡಿ.

ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರುತ್ತಾರೆ. ತೂಕ, ಉಷ್ಣತೆ ನೋಡುವುದು, ಹಾಲುಣಿಸಲು ಕಲಿಸುವುದು ಅವರ ಕೆಲಸ. 'ನಮಗೆ ಖಾಸಗಿ ಡಾಕ್ಟರು ಇದ್ದಾರೆ' ಎಂದು ಅವರನ್ನು ಗೇಟಿನಿಂದಲೇ ಹಿಂದೆ ಕಳುಹಿಸಬೇಡಿ.

ತಾಯಿಯ ಆರೈಕೆಯೂ ಮಗುವಿನ ಆರೈಕೆಯೇ

ಬಾಣಂತಿಗೆ ನೀರು ಕೊಡಬಾರದು, ತರಕಾರಿ ಕೊಡಬಾರದು ಎಂಬ ಪಥ್ಯ ಸರಿಯಲ್ಲ. ಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಆಹಾರ ಬೇಕು. ಕುಚ್ಚಲಕ್ಕಿ ಗಂಜಿ, ಬೇಳೆ, ಸೊಪ್ಪು, ಹಣ್ಣು, ಮೊಟ್ಟೆ, ಚೆನ್ನಾಗಿ ಬೇಯಿಸಿದ ಬಂಗುಡೆ, ಬೂತಾಯಿ ಎಲ್ಲವನ್ನೂ ತಿನ್ನಬಹುದು. ಪ್ರತಿ ಸಲ ಹಾಲುಣಿಸುವಾಗ ಒಂದು ಲೋಟ ನೀರು ಕೈಗೆಟಕುವಂತೆ ಇಡಿ. ಕಬ್ಬಿಣಾಂಶದ ಮಾತ್ರೆಯನ್ನು ಹೆರಿಗೆಯ ನಂತರ 180 ದಿನ ಮುಂದುವರಿಸಬೇಕು. ಹೆಚ್ಚು ರಕ್ತಸ್ರಾವ, ಜ್ವರ, ದುರ್ವಾಸನೆಯ ಸ್ರಾವ, ತೀವ್ರ ತಲೆನೋವು, ಒಂದು ಕಾಲು ಮಾತ್ರ ಊದಿ ನೋಯುವುದು ಕಂಡರೆ ತಾಯಿಯನ್ನೂ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಎರಡು ವಾರ ಕಳೆದರೂ ದುಃಖ ಇಳಿಯದಿದ್ದರೆ, ಮಗುವಿನ ಮೇಲೆ ಆಸಕ್ತಿಯೇ ಇಲ್ಲದಿದ್ದರೆ, ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಅದು ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ. ಹಾನಿಯ ಯೋಚನೆ ಬಂದರೆ ಎರಡು ವಾರ ಕಾಯಬಾರದು, ಅಂದೇ ವೈದ್ಯರಿಗೆ ತೋರಿಸಬೇಕು, ತಾಯಿಯನ್ನು ಒಂಟಿಯಾಗಿ ಬಿಡಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು.

ಮಗು ನೋಡಲು ಹೋಗುವವರಿಗೆ

ಬಾಣಂತಿ ಮನೆಗೆ ಭೇಟಿ ಕೊಡುವುದು ನಮ್ಮ ಪ್ರೀತಿಯ ರೂಢಿ. ಶೀತ, ಕೆಮ್ಮು, ಜ್ವರ, ಬಾಯಿಹುಣ್ಣು ಇರುವವರು ಗುಣವಾದ ಮೇಲೆ ಹೋಗಲಿ. ಹೋದವರು ಮೊದಲು ಸಾಬೂನಿನಿಂದ ಕೈ ತೊಳೆಯಲಿ. ಮಗುವಿನ ಮುಖಕ್ಕೆ ಮುತ್ತು ಕೊಡುವುದು, ಕೈಯಿಂದ ಕೈಗೆ ದಾಟಿಸುವುದು ಬೇಡ. ದೀಕ್ಷಾಸ್ನಾನದ ದಿನವೂ ಮಗುವಿಗೆ ಮೆತ್ತನೆಯ ಹತ್ತಿ ಬಟ್ಟೆ ಒಳಗಿರಲಿ, ತಲೆಯನ್ನು ಕೂಡಲೇ ಒರೆಸಲು ಒಣ ಟವೆಲ್ ಕೈಯಲ್ಲಿರಲಿ. ಫೋಟೊ ಮತ್ತು ಊಟದ ಗದ್ದಲದ ನಡುವೆ ತಾಯಿಗೆ ಹಾಲುಣಿಸಲು ಒಂದು ಕೋಣೆ ಬಿಟ್ಟುಕೊಡಿ. ಬಂದವರು ಸಲಹೆ ಕೊಡುವುದಕ್ಕಿಂತ ಒಂದು ಹೊತ್ತಿನ ಊಟ ತಂದುಕೊಟ್ಟರೆ, ಒಂದು ಬುಟ್ಟಿ ಬಟ್ಟೆ ಒಗೆದುಕೊಟ್ಟರೆ ಆ ಮನೆಗೆ ಹೆಚ್ಚು ಉಪಕಾರ.

ವಾರ್ಡಿನಲ್ಲಿ ಮಗು ಹುಟ್ಟಿದ ಮನೆಯನ್ನು ಭೇಟಿ ಮಾಡುವವರು ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳಲಿ: ಮಗು ಹಾಲು ಚೆನ್ನಾಗಿ ಕುಡಿಯುತ್ತಿದೆಯೇ? ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಬೇಕಾದರೆ ವಾಹನ ಇದೆಯೇ? ಇಲ್ಲ ಎಂಬ ಉತ್ತರ ಬಂದರೆ ಅಂದೇ ಅದಕ್ಕೊಂದು ದಾರಿ ಮಾಡಿಕೊಡಿ.